ಎಬಿಎಸ್ ಲೈಟು, ಜಾರುವ ಕಾರಿನ ಲೈಟು ಎರಡೂ ಒಟ್ಟಿಗೆ ಹತ್ತಿವೆ, ಗಾಡಿ ಓಡಿಸಬಹುದಾ?

ಓದುಗರ ಪ್ರಶ್ನೆ: ಕಳೆದ ವಾರ ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಕಾರಿನ ಮೀಟರಿನಲ್ಲಿ ಹಳದಿ ಎಬಿಎಸ್ ಲೈಟ್ ಬಂತು. ಪಕ್ಕದಲ್ಲೇ ಜಾರ್ತಾ ಇರೋ ಕಾರಿನ ಚಿತ್ರದ ಲೈಟೂ ಬಂತು. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಹೋಗುತ್ತೆ, ಸ್ವಲ್ಪ ದೂರ ಹೋದ ಕೂಡ್ಲೇ ಮತ್ತೆ ಬರುತ್ತೆ. ಬ್ರೇಕ್ ಮಾತ್ರ ಮೊದಲಿನ ಹಾಗೇ ಹಿಡಿಯುತ್ತೆ. ಗ್ಯಾರೇಜಿನವರು ಎಬಿಎಸ್ ಯೂನಿಟ್ ಹೋಗಿದೆ, ಬದಲಾಯಿಸಬೇಕು ಅಂತಿದ್ದಾರೆ. ನಿಜನಾ? ಅಲ್ಲಿವರೆಗೆ ಓಡಿಸಬಹುದಾ?

ಉತ್ತರ: ಓಡಿಸಬಹುದು, ನಿಧಾನವಾಗಿ. ಯೂನಿಟ್ಟಿಗೆ ಮಾತ್ರ ಈಗಲೇ ದುಡ್ಡು ಕೊಡಬೇಡಿ. ನೀವು ಬರೆದಿರುವ ಒಂದು ಮಾತು, "ಸ್ವಲ್ಪ ದೂರ ಹೋದ ಕೂಡ್ಲೇ ಮತ್ತೆ ಬರುತ್ತೆ" ಅನ್ನುವುದು, ಬೇರೆ ಕಡೆಗೆ ಬೆರಳು ತೋರಿಸುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗದೆ ನಿಂತುಬಿಡದ ಹಾಗೆ ನೋಡಿಕೊಳ್ಳುವ ಸೌಲಭ್ಯ. ಮೊದಲು ಲೈಟಿನ ಬಣ್ಣ ನೋಡಿ. ಹಳದಿ ಅಂದರೆ ಒಂದು ಸೌಲಭ್ಯ ಕೈಕೊಟ್ಟಿದೆ, ಬೇಗ ತೋರಿಸಿ ಅಂತ. ಕೆಂಪು ಅಂದರೆ ನಿಲ್ಲಿಸಿ ಅಂತ. ಬ್ರೇಕಿನ ಕೆಂಪು ಲೈಟ್ ನಿಮಗೆ ಗೊತ್ತಿರುವುದೇ, ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ, ಹ್ಯಾಂಡ್‌ಬ್ರೇಕ್ ಎಳೆದಾಗಲೂ ಅದೇ ಹತ್ತುತ್ತದೆ. ಹಳದಿ ಎಬಿಎಸ್ ಜೊತೆ ಈ ಕೆಂಪೂ ಹತ್ತಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ಆಗ ಗಾಡಿ ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಬೇಕು, ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮಟ್ಟ ನೋಡಬೇಕು. ಆಯಿಲ್ ಕೆಳಗಿನ ಗೆರೆಗಿಂತ ಕಮ್ಮಿ ಇದ್ದರೆ ಪ್ಯಾಡ್ ಸವೆದಿರಬಹುದು ಅಥವಾ ಎಲ್ಲೋ ಸೋರುತ್ತಿರಬಹುದು. ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರಂತೂ ಒಂದು ಕಿಲೋಮೀಟರ್ ಕೂಡ ಓಡಿಸಬಾರದು.

ಆಯಿಲ್ ಸರಿ ಇದೆ, ಹ್ಯಾಂಡ್‌ಬ್ರೇಕ್ ಇಳಿದಿದೆ, ಆದರೂ ಕೆಂಪು ಹಳದಿ ಎರಡೂ ಇವೆ ಅಂದರೆ ಸಾಮಾನ್ಯವಾಗಿ ಇಬಿಡಿ, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆ, ಕೂಡ ಹೋಗಿದೆ ಅಂತ ಅರ್ಥ. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ತೆಗೆದುಕೊಳ್ಳಬಾರದು. ಬ್ರೇಕ್ ಒತ್ತಿದಾಗ ಕಾರಿನ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಬ್ರೇಕ್ ಜಾಸ್ತಿ ಸಿಕ್ಕರೆ ಅದೇ ಮೊದಲು ಲಾಕ್ ಆಗುತ್ತದೆ, ಅಂದರೆ ತಿರುಗದೆ ನಿಂತು ಜಾರುತ್ತದೆ, ಹಾಗಾದರೆ ಕಾರು ಗಿರಕಿ ಹೊಡೆಯುತ್ತದೆ. ಹಿಂದಿನ ಚಕ್ರಕ್ಕೆ ಎಷ್ಟು ಬ್ರೇಕ್ ಕೊಡಬೇಕು ಅಂತ ಲೆಕ್ಕ ಹಾಕಿ ಕೊಡುವುದೇ ಇಬಿಡಿಯ ಕೆಲಸ. ಅದಿಲ್ಲದೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕುವುದಕ್ಕಿಂತ ಗಾಡಿ ಟೋ ಮಾಡಿಸುವುದು ವಾಸಿ.

ನಿಮ್ಮದು ಬರೀ ಹಳದಿ. ಹಾಗಾಗಿ ಮಾಮೂಲಿ ಬ್ರೇಕ್ ಇದೆ. ಪೆಡಲ್, ಬೂಸ್ಟರ್, ಡಿಸ್ಕ್, ಪ್ಯಾಡ್ ಎಲ್ಲ ಕೆಲಸ ಮಾಡುತ್ತಿವೆ. ಎಬಿಎಸ್ ಇಲ್ಲದ ಹಳೇ ಕಾರನ್ನು ನಮ್ಮ ಮನೆಗಳಲ್ಲಿ ಎಷ್ಟು ವರ್ಷ ಓಡಿಸಿಲ್ಲ ಹೇಳಿ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯವಾದದ್ದೇ 2019ರ ಏಪ್ರಿಲ್‌ನಲ್ಲಿ. ಜರ್ಮನಿಯಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿಗೆ ಬಂದದ್ದು 1978ರಲ್ಲಿ, ನಮ್ಮ ಮಾಮೂಲಿ ಕಾರುಗಳವರೆಗೆ ಇಳಿಯಲು ನಲವತ್ತು ವರ್ಷ ಹಿಡಿಯಿತು.

ಆದರೆ ಒಂದು ವ್ಯತ್ಯಾಸ ಇದೆ. ಹಳೇ ಕಾರು ಓಡಿಸಿದವರ ಕಾಲಿಗೆ ಬ್ರೇಕ್ ಬಿಟ್ಟು ಬಿಟ್ಟು ಒತ್ತುವ ಅಭ್ಯಾಸ ಇತ್ತು. ಎಬಿಎಸ್ ಕಾರಿನಲ್ಲೇ ಕಲಿತವರ ಕಾಲಿಗೆ ಅದಿಲ್ಲ, ಹೆದರಿಕೆಯಾದರೆ ಪೂರ್ತಿ ಒತ್ತಿ ಹಿಡಿಯುತ್ತಾರೆ. ಎಬಿಎಸ್ ಇದ್ದಾಗ ಅದೇ ಸರಿಯಾದ ಕ್ರಮ. ಲೈಟ್ ಹತ್ತಿರುವಾಗ ಹಾಗೆ ಮಾಡಿದರೆ ಚಕ್ರ ಲಾಕ್ ಆಗಿ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರಕ್ಕೇ ಜಾರುತ್ತದೆ. ಘಾಟಿಯ ತಿರುವಿನಲ್ಲಿ ನೇರಕ್ಕೆ ಏನಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅದಕ್ಕೇ ರಿಪೇರಿ ಆಗುವವರೆಗೆ ಮಳೆಯಲ್ಲಿ ಘಾಟಿ ಬೇಡ, ಮುಂದಿನ ಗಾಡಿಗೆ ಮಾಮೂಲಿಗಿಂತ ಎರಡರಷ್ಟು ದೂರ ಬಿಡಿ, ಚಕ್ರ ಲಾಕ್ ಆಯಿತು ಅನ್ನಿಸಿದರೆ ಪೆಡಲ್ ಸ್ವಲ್ಪ ಬಿಟ್ಟು ಮತ್ತೆ ಒತ್ತಿ.

ಈಗ ಲೈಟ್ ಎರಡು ಯಾಕೆ ಹತ್ತಿದವು ಅನ್ನುವುದಕ್ಕೆ ಬರೋಣ. ಜನ ಗಾಬರಿಯಾಗುವುದು ಇಲ್ಲೇ. ಒಂದಲ್ಲ ಎರಡು ಲೈಟ್, ಕೆಲವು ಕಾರಲ್ಲಿ ಹಿಲ್ ಹೋಲ್ಡ್ (ಏರಿನಲ್ಲಿ ಹೊರಡುವಾಗ ಗಾಡಿ ಹಿಂದಕ್ಕೆ ಜಾರದ ಹಾಗೆ ಹಿಡಿಯುವುದು) ಕೆಲಸ ಮಾಡುತ್ತಿಲ್ಲ ಅನ್ನುವ ಸಂದೇಶವೂ ಸೇರಿ ದೀಪಾವಳಿಯೇ ಆಗಿಬಿಡುತ್ತದೆ. ಹಾಗಂತ ಮೂರು ಭಾಗ ಒಟ್ಟಿಗೆ ಕೆಟ್ಟಿವೆ ಅಂತಲ್ಲ.

ಪ್ರತಿ ಚಕ್ರದ ಹಬ್‌ನಲ್ಲಿ, ಅಂದರೆ ನಡುಭಾಗದಲ್ಲಿ, ಸಾಮಾನ್ಯವಾಗಿ ಹಲ್ಲುಹಲ್ಲಾದ ಒಂದು ಬಳೆ ಇರುತ್ತದೆ. ಅದರ ಪಕ್ಕ ಸುಮಾರು ಒಂದು ಮಿಲಿಮೀಟರ್ ಸಂದಿ ಬಿಟ್ಟು ಒಂದು ಸೆನ್ಸರ್ ಕೂತಿರುತ್ತದೆ. ಹಲ್ಲು ಎದುರಿಗೆ ಹಾದಾಗಲೆಲ್ಲ ಸೆನ್ಸರಿನಿಂದ ಒಂದು ಮಿಡಿತ ಹೋಗುತ್ತದೆ. ಲೆಕ್ಕ ಹಾಕಿ ನೋಡಿ, 60 ಕಿಲೋಮೀಟರ್ ವೇಗದಲ್ಲಿ ಮಾಮೂಲಿ ಹ್ಯಾಚ್‌ಬ್ಯಾಕಿನ ಚಕ್ರ ಸೆಕೆಂಡಿಗೆ ಹೆಚ್ಚುಕಮ್ಮಿ ಎಂಟೂವರೆ ಸುತ್ತು ಹಾಕುತ್ತದೆ. ಬಳೆಗೆ 48 ಹಲ್ಲಿದ್ದರೆ ಸೆಕೆಂಡಿಗೆ 400 ದಾಟಿದ ಮಿಡಿತ. ನಾಲ್ಕೂ ಚಕ್ರದ ಈ ಮಿಡಿತಗಳು ಎಬಿಎಸ್ ಯೂನಿಟ್ಟಿಗೆ, ಅಂದರೆ ಪಂಪು, ಕಂಪ್ಯೂಟರ್ ಎರಡೂ ಸೇರಿದ ಡಬ್ಬಿಗೆ, ಹೋಗುತ್ತವೆ. ಬ್ರೇಕ್ ಒತ್ತಿದಾಗ ಮೂರು ಚಕ್ರ ತಿರುಗುತ್ತಿದ್ದು ಒಂದು ಮಾತ್ರ ಗಕ್ಕನೆ ನಿಲ್ಲುತ್ತಿದ್ದರೆ ಅದು ಲಾಕ್ ಆಗುತ್ತಿದೆ ಅಂತ ಯೂನಿಟ್ಟಿಗೆ ಗೊತ್ತಾಗುತ್ತದೆ, ಆ ಚಕ್ರದ ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಕಾಲಿಗೆ ಗರಗರ ಅಂತ ತಾಗುವುದು ಅದೇ.

ಜಾರುವ ಕಾರಿನ ಲೈಟ್ ಟ್ರಾಕ್ಷನ್ ಕಂಟ್ರೋಲಿನದು. ಅದು ಇದನ್ನೇ ತಿರುವುಮುರುವು ಮಾಡುತ್ತದೆ. ಎಕ್ಸಲರೇಟರ್ ಒತ್ತಿದಾಗ ಒಂದು ಚಕ್ರ ಮಾತ್ರ ಸುಮ್ನೆ ಸುತ್ತುತ್ತಿದ್ದರೆ ಇಂಜಿನ್ನಿನ ಶಕ್ತಿ ತಗ್ಗಿಸುತ್ತದೆ, ಬೇಕಾದರೆ ಆ ಚಕ್ರಕ್ಕೆ ಬ್ರೇಕ್ ಕೊಡುತ್ತದೆ. ಅದಕ್ಕೆ ಬೇರೆ ಸೆನ್ಸರ್ ಇಲ್ಲ, ಬೇರೆ ಪಂಪೂ ಇಲ್ಲ. ಅದೇ ನಾಲ್ಕು ಸೆನ್ಸರ್, ಅದೇ ಯೂನಿಟ್. ಒಂದು ಚಕ್ರದ ಸುದ್ದಿ ಬರದಿದ್ದರೆ ತಪ್ಪು ಲೆಕ್ಕ ಹಾಕುವುದಕ್ಕಿಂತ ಸುಮ್ಮನಿರುವುದು ಮೇಲು ಅಂತ ಎರಡೂ ಕೆಲಸ ನಿಲ್ಲಿಸುತ್ತವೆ, ಎರಡೂ ಲೈಟ್ ಹತ್ತುತ್ತವೆ. ನಿಮ್ಮ ಕಾರಿನಲ್ಲಿ ಆಗಿರುವುದು ಬಹುಶಃ ಇಷ್ಟೇ.

ನಡುವೆ ಒಂದು ಮಾತು. ಜಾರುವ ಕಾರಿನ ಲೈಟ್ ಪಟಪಟ ಮಿನುಗಿ ಆರಿದರೆ ಅದು ದೋಷ ಅಲ್ಲ, ಚಕ್ರ ಜಾರಿತು, ನಾನು ಹಿಡಿದೆ ಅಂತ ಹೇಳುತ್ತಿದೆ ಅಷ್ಟೆ. ಒಂದೇ ಸಮ ಉರಿಯುತ್ತಿದ್ದರೆ ಮಾತ್ರ ದೋಷ. ಅಥವಾ ನೀವೇ ಗೊತ್ತಿಲ್ಲದೆ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಆಫ್ ಮಾಡಿರಬಹುದು. ಟಿಶ್ಯೂ ಡಬ್ಬಿ ತಾಗಿ ಆಫ್ ಆಗಿದ್ದನ್ನೂ ನೋಡಿದ್ದೇನೆ. ಆ ಸ್ವಿಚ್ ಇರುವುದು ತೋಟದ ದಾರಿಯ ಕೆಸರಲ್ಲಿ ಹೂತಾಗ ಬಳಸಲು, ಯಾಕೆಂದರೆ ಅಲ್ಲಿ ಚಕ್ರ ಸ್ವಲ್ಪ ಸುತ್ತಿದರೇ ಗಾಡಿ ಮೇಲೆ ಬರುವುದು. ಕೆಸರು ದಾಟಿದ ಮೇಲೆ ಮತ್ತೆ ಆನ್ ಮಾಡಿ.

ಸರಿ, ಸುದ್ದಿ ಯಾಕೆ ಬರುವುದಿಲ್ಲ? ಮಳೆಗಾಲದಲ್ಲಿ ಮೊದಲ ಅನುಮಾನ ಕೆಸರಿನ ಮೇಲೆ. ಸೆನ್ಸರಿನ ತುದಿ, ಅದರ ವೈರು, ಕನೆಕ್ಟರ್ ಎಲ್ಲ ಚಕ್ರದ ಹಿಂದೆಯೇ ಇರುತ್ತವೆ. ಮಣ್ಣು, ನೀರು, ಕಲ್ಲು ಎಲ್ಲ ಸಿಡಿಯುವ ಜಾಗ ಅದು. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಸೆನ್ಸರಿಗೆ ಅಂಟುವುದೂ ಇದೆ. ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನ ಲೈಟ್ ಬಂದರೆ ಕನೆಕ್ಟರಿಗೆ ನೀರು ಹೋಗಿದೆಯಾ ನೋಡಿ. ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದರೆ ಇಲಿ ವೈರ್ ಕಡಿದಿರಬಹುದು, ಅದು ಮಲೆನಾಡಿನವರಿಗೆ ಹೊಸ ಸುದ್ದಿ ಏನಲ್ಲ. ನಾಲ್ಕರಲ್ಲಿ ಒಂದು ಟೈರ್ ಮಾತ್ರ ಬೇರೆ ಅಳತೆಯದು ಹಾಕಿಸಿದರೂ ಚಕ್ರ ತಿರುಗುವ ಲೆಕ್ಕ ತಪ್ಪಿ ಲೈಟ್ ಬರಬಹುದು. ಬ್ಯಾಟರಿ ವೀಕ್ ಇದ್ದಾಗ ಸ್ಟಾರ್ಟ್ ಮಾಡುವ ಹೊತ್ತಿಗೆ ವೋಲ್ಟೇಜ್ ಬಿದ್ದು ಲೈಟ್ ಹತ್ತುವುದೂ ಉಂಟು.

ನನ್ನ ಕಾರಿಗೆ ಆದದ್ದು ಬೇರೆಯೇ ಕಥೆ. ಹಿಂದಿನ ಎಡಚಕ್ರ ಗುಂಯ್ ಅನ್ನುತ್ತಿತ್ತು, ಒಂದು ಗ್ಯಾರೇಜಿನಲ್ಲಿ ಬೇರಿಂಗ್ ಹಾಕಿಸಿದೆ. ಸದ್ದು ಹೋಯಿತು, ಲೈಟ್ ಬಂತು. ಅವರು ಸೆನ್ಸರ್ ಹೋಗಿದೆ ಅಂದರು, ಸೆನ್ಸರ್ ಹಾಕಿಸಿದೆ. ಲೈಟ್ ಹೋಗಲಿಲ್ಲ. ಆಮೇಲೆ ಯೂನಿಟ್ ಹೋಗಿದೆ ಅಂದರು. ಯೂನಿಟ್ಟಿನ ರೇಟ್ ಕೇಳಿ ಮನೆಗೆ ಬಂದು ಕೂತುಬಿಟ್ಟೆ. ಇನ್ನೊಬ್ಬ ಮೆಕ್ಯಾನಿಕ್ ಚಕ್ರ ಬಿಚ್ಚಿ ಐದು ನಿಮಿಷದಲ್ಲಿ ನಕ್ಕ. ಈಗಿನ ಎಷ್ಟೋ ಕಾರುಗಳಲ್ಲಿ ಹಲ್ಲಿನ ಬಳೆ ಬೇರೆ ಇರುವುದಿಲ್ಲ, ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಬದಿ ಸೆನ್ಸರಿನ ಕಡೆ ಇರಬೇಕು. ನನ್ನದನ್ನು ತಿರುಗಿಸಿ ಹೊಡೆದಿದ್ದರು. ಕಣ್ಣಿಗೆ ಎರಡೂ ಬದಿ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ, ಗುಂಡುಪಿನ್ನು ಹಿಡಿದರೆ ಪಟ್ಟಿಯಿರುವ ಬದಿ ಮೆಲ್ಲಗೆ ಎಳೆಯುತ್ತದೆ. ದೊಡ್ಡ ಆಯಸ್ಕಾಂತ ಹಿಡಿದು ನೋಡಲು ಹೋಗಬೇಡಿ, ಪಟ್ಟಿಯೇ ಹಾಳಾಗುತ್ತದೆ. ಆ ಬೇರಿಂಗನ್ನು ಹೊಡೆದು ತೆಗೆದ ಮೇಲೆ ಮತ್ತೆ ಹಾಕುವ ಹಾಗಿರಲಿಲ್ಲ, ಹೊಸದೇ ಬೇಕಾಯಿತು. ಸುಮ್ನೆ ಒಂದು ಸೆನ್ಸರ್, ಒಂದು ಬೇರಿಂಗ್ ದಂಡ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಕೀ ಆನ್ ಮಾಡಿದಾಗ ಎಬಿಎಸ್ ಲೈಟ್ ಎರಡು ಮೂರು ಸೆಕೆಂಡ್ ಹತ್ತಿ ಆರಬೇಕು, ಯೂನಿಟ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಸಮಯ ಅದು. ಆಗ ಆರದೆ ಉರಿಯುತ್ತಲೇ ಇದ್ದರೆ ವೈರ್ ತುಂಡಾಗಿರುವುದು, ಫ್ಯೂಸ್ ಹೋಗಿರುವುದು, ಸೆನ್ಸರ್ ಪೂರ್ತಿ ಸತ್ತಿರುವುದು, ಕೆಲವೊಮ್ಮೆ ಯೂನಿಟ್ ಕೆಟ್ಟಿರುವುದು, ಹೀಗೆ ನಿಂತಲ್ಲೇ ಸಿಗುವ ದೋಷ. ನಿಮ್ಮದು ಮೊದಲು ಆರುತ್ತದೆ, ಗಾಡಿ ಚಲಿಸಿದ ಮೇಲೆ ಬರುತ್ತದೆ. ಅಂದರೆ ಯೂನಿಟ್ ತನ್ನ ಪರೀಕ್ಷೆಯಲ್ಲಿ ಪಾಸಾಗಿದೆ, ಚಕ್ರ ತಿರುಗಲು ಶುರುವಾದಾಗ ಒಂದು ಕಡೆಯ ಲೆಕ್ಕ ಹೊಂದುತ್ತಿಲ್ಲ. ಕೆಸರು, ಬಿರುಕು ಬಿಟ್ಟ ಬಳೆ, ಸಡಿಲ ಬೇರಿಂಗ್, ಟೈರ್ ಅಳತೆ, ಇವುಗಳನ್ನೇ ಮೊದಲು ನೋಡಬೇಕು. ಪಂಪ್ ಮೋಟರಿನ ಪರೀಕ್ಷೆ ಗಾಡಿ ಹೊರಟ ಮೇಲೆ ನಡೆಯುವ ಕಾರುಗಳೂ ಇವೆ, ಹಾಗಾಗಿ ಯೂನಿಟ್ ಅಲ್ಲವೇ ಅಲ್ಲ ಅಂತ ಇಲ್ಲಿ ಕೂತು ಆಣೆ ಇಡಲಾರೆ. ಆದರೆ ಅನುಮಾನದ ಸಾಲಿನಲ್ಲಿ ಅದು ಕೊನೆಯದು. ಇನ್ನೊಂದು ಗಮನಿಸಿ, ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕಿ ಇನ್ನೇನು ಗಾಡಿ ನಿಲ್ಲಬೇಕು ಅನ್ನುವಾಗ ಪೆಡಲ್ ಗರಗರ ಅನ್ನುತ್ತಿದ್ದರೆ ಬಳೆ ಬಿರುಕು ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಗ್ಯಾರೇಜಿನವರನ್ನು ಒಂದೇ ಪ್ರಶ್ನೆ ಕೇಳಿ: ಕೋಡ್ ಯಾವುದು ಬಂತು? ಕೋಡ್ ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷದ ಸಂಖ್ಯೆ. ಎಬಿಎಸ್‌ನ ಕೋಡ್‌ಗಳು ಸಿ ಅಕ್ಷರದಿಂದ ಶುರುವಾಗುತ್ತವೆ. ಉದಾಹರಣೆಗೆ ಸಿ0035 ಅಂದರೆ ಮುಂದಿನ ಎಡಚಕ್ರದ ಸೆನ್ಸರ್ ಕಡೆಯ ದೋಷ, ಸಿ0040 ಮುಂದಿನ ಬಲದ್ದು. ಕೆಲವು ಕಂಪನಿಗಳಿಗೆ ಅವರದೇ ಸಂಖ್ಯೆಗಳಿವೆ, ಆದರೆ ಯಾವ ಚಕ್ರ ಅನ್ನುವುದು ಗೊತ್ತಾಗೇ ಆಗುತ್ತದೆ. ಆನ್‌ಲೈನಿನಲ್ಲಿ ಸಿಗುವ, ಕಾರಿಗೆ ಸಿಕ್ಕಿಸಿ ಫೋನಿನಲ್ಲಿ ಕೋಡ್ ನೋಡುವ ಅಗ್ಗದ ಬ್ಲೂಟೂತ್ ಡಾಂಗಲ್ ಹಾಕಿ ದೋಷ ಏನೂ ಇಲ್ಲ ಅಂದರೆ ನಂಬಬೇಡಿ, ಅವುಗಳಲ್ಲಿ ಹೆಚ್ಚಿನವು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುವ ಸ್ಕ್ಯಾನರ್ ಬೇಕು. ಅದರಲ್ಲಿ ನಾಲ್ಕೂ ಚಕ್ರದ ವೇಗವನ್ನು ಲೈವ್ ನೋಡಬಹುದು. ಒಬ್ಬರು ಮೆಲ್ಲಗೆ ಓಡಿಸಿ, ಇನ್ನೊಬ್ಬರು ಪರದೆ ನೋಡಲಿ. ಮೂರು ಚಕ್ರ 20 ತೋರಿಸುವಾಗ ಒಂದು ಸೊನ್ನೆ ತೋರಿಸಿದರೆ ಕಳ್ಳ ಸಿಕ್ಕ ಹಾಗೆ.

ಸಿಕ್ಕ ಮೇಲೂ ಕೂಡಲೇ ಹೊಸ ಸೆನ್ಸರ್ ತರಬೇಡಿ, ಮೊದಲು ಬಿಚ್ಚಿ ಒರೆಸಿ, ವೈರ್ ಪೂರ್ತಿ ಸವರಿ ನೋಡಿ, ಕನೆಕ್ಟರ್ ತೆಗೆದು ಹಾಕಿ. ಸೆನ್ಸರ್ ಸಾವಿರಗಳ ಮಾತು, ಯೂನಿಟ್ ಹತ್ತಾರು ಸಾವಿರದ ಮಾತು, ಒರೆಸುವ ಬಟ್ಟೆಗೆ ದುಡ್ಡಿಲ್ಲ.

ಲೈಟ್ ಕಾಣದ ಹಾಗೆ ಮಾಡಿಕೊಡ್ತೀವಿ ಅನ್ನುವವರೂ ಇದ್ದಾರೆ, ಅವರ ಹತ್ತಿರ ಹೋಗಬೇಡಿ. ಹಾಗೆ ಮಾಡಿಸಿದ ಗಾಡಿಗಳು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬರುತ್ತವೆ. ಹಳೇ ಕಾರು ಕೊಳ್ಳುವಾಗ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ. ಕೀ ಬದಲು ಸ್ಟಾರ್ಟ್ ಬಟನ್ ಇದ್ದರೆ ಬ್ರೇಕನ್ನೂ ಕ್ಲಚ್ಚನ್ನೂ ಒತ್ತದೆ ಬಟನ್ ಎರಡು ಸಲ ಒತ್ತಿ. ಎಬಿಎಸ್ ಲೈಟ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈಯಾಡಿಸಿರಬಹುದು.

ರಿಪೇರಿ ಮಾಡಿಸಿ ಗ್ಯಾರೇಜಿನಿಂದ ಹೊರಡುವಾಗ ಲೈಟ್ ಇನ್ನೂ ಉರಿಯುತ್ತಿದ್ದರೆ ಅಲ್ಲೇ ಜಗಳ ಶುರು ಮಾಡಬೇಡಿ. ಎಷ್ಟೋ ಕಾರುಗಳಲ್ಲಿ ಚಕ್ರಗಳು ಸ್ವಲ್ಪ ತಿರುಗಿ, ನಾಲ್ಕರ ಲೆಕ್ಕವೂ ಸರಿ ಇದೆ ಅಂತ ಯೂನಿಟ್ಟಿಗೆ ಖಾತ್ರಿಯಾದ ಮೇಲೇ ಲೈಟ್ ಆರುವುದು. ನನ್ನದು ಗ್ಯಾರೇಜಿನ ಗೇಟ್ ದಾಟಿ, ಮೊದಲ ಹಂಪ್ ಹಾರಿ, ಸೆಕೆಂಡ್ ಗೇರಿಗೆ ಹಾಕುವಾಗ ಆರಿತು.