ಒಳ್ಳೆ ನಾಯಿ ಟ್ರೇನರ್ ಯಾರು ಅಂತ ತಿಳಿಯೋದು ಹೇಗೆ?

ಈ ಪ್ರಶ್ನೆ ಬರದ ವಾರವೇ ಇಲ್ಲ. ಈ ಸಲ ಉದ್ದದ ಪಟ್ಟಿ ಕೊಡುವುದಿಲ್ಲ. ಟ್ರೇನರ್‌ಗೆ ಫೋನ್ ಮಾಡಿ ಒಂದೇ ಮಾತು ಕೇಳಿ: "ನಮ್ಮ ನಾಯಿ ತಪ್ಪು ಮಾಡಿದರೆ ನೀವೇನು ಮಾಡ್ತೀರಿ?"

"ಚೋಕ್ ಚೈನ್ ಎಳೀತೀವಿ", "ಶಾಕ್ ಕಾಲರ್ ಹಾಕ್ತೀವಿ", "ಯಜಮಾನ ಯಾರು ಅಂತ ತೋರಿಸ್ತೀವಿ" ಅಂದರೆ ಬೇರೆಯವರನ್ನು ಹುಡುಕಿ.

ಯಜಮಾನನ ಈ ಕಥೆ ಇನ್ನೂ ಸಾಯುತ್ತಿಲ್ಲ. ನಾಯಿ ತೋಳದ ವಂಶ, ತೋಳದ ಗುಂಪಿಗೆ ಒಂದು ಆಲ್ಫಾ, ಅಂದರೆ ಹೊಡೆದಾಡಿ ಗೆದ್ದ ನಾಯಕ ಇರುತ್ತೆ, ಮನೆಯಲ್ಲಿ ಆ ಆಲ್ಫಾ ನೀವಾಗಬೇಕು ಅಂತಾರೆ ಅಲ್ವಾ? ಇದರ ಬೇರು ಪ್ರಾಣಿಗಳ ವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಮೃಗಾಲಯದ ತೋಳಗಳನ್ನು. ಬೇಲಿಯೊಳಗೆ ಕೂಡಿಹಾಕಿದರೆ ಜಗಳ ಆಗದೆ ಇರುತ್ತಾ? 1970ರಲ್ಲಿ ತಮ್ಮ ಪುಸ್ತಕದ ಮೂಲಕ ಈ ವಿಚಾರವನ್ನು ಜನಪ್ರಿಯ ಮಾಡಿದ ತೋಳಗಳ ಸಂಶೋಧಕ ಡೇವಿಡ್ ಮೆಕ್, ಆಮೇಲೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳನ್ನು ಹಲವು ಬೇಸಿಗೆ ಹತ್ತಿರದಿಂದ ನೋಡಿದರು. 1999ರಲ್ಲಿ ತಾವೇ ತಿದ್ದಿ ಬರೆದರು: ಕಾಡಿನ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಸಂಸಾರ. ಮರಿಗಳು ಹಿಂದೆ ಹೋಗುವುದು ಹೆತ್ತವರು ಅಂತ, ಹೊಡೆದಾಟದಲ್ಲಿ ಗೆದ್ದವರು ಅಂತ ಅಲ್ಲ. ಅಷ್ಟಕ್ಕೂ ನಿಮ್ಮ ಮನೆಯಲ್ಲಿರುವುದು ತೋಳವಲ್ಲ, ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿದ ನಾಯಿ.

ಈ ಕಥೆ ಮಾಡುವ ಹಾನಿಯನ್ನು ಊಟದ ಬಟ್ಟಲ ಹತ್ತಿರ ನೋಡಿ. ನೀವು ಹತ್ತಿರ ಹೋದಾಗ ನಾಯಿ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಬಿಗಿಯಾಗುತ್ತದೆ. ಕಣ್ಣಿನ ಬಿಳಿ ಕಾಣುತ್ತದೆ. ಆಮೇಲೆ ಗುರ್ ಅನ್ನುತ್ತದೆ. "ಹತ್ತಿರ ಬರಬೇಡಿ, ಭಯ ಆಗ್ತಿದೆ" ಅಂತ ಅದು ಹೇಳುವುದೇ ಹಾಗೆ. ಆಗ ಅದನ್ನು ನೆಲಕ್ಕೆ ಒತ್ತಿ ಹಿಡಿದರೆ ಗುರ್ ಅನ್ನುವುದು ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚಬಹುದು. ತಿಳಿದ ಟ್ರೇನರ್ ದೂರದಿಂದಲೇ ಬಟ್ಟಲ ಕಡೆ ಇನ್ನೂ ರುಚಿಯಾದ ತುಂಡೊಂದನ್ನು ಎಸೆದು ಹೊರಟುಬಿಡುತ್ತಾರೆ. ಇದನ್ನೇ ತಾಳ್ಮೆಯಿಂದ ಮಾಡುತ್ತಾ ಹೋದರೆ, ಹೆಜ್ಜೆ ಸಪ್ಪಳ ಕೇಳಿದಾಗ ನಾಯಿ ಮೈ ಸಡಿಲ ಬಿಟ್ಟು ತಲೆ ಎತ್ತಿ ನೋಡಲು ಶುರು ಮಾಡುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗುವ ಗಳಿಗೆ ಅದು.

ಉಳಿದದ್ದು ಚಿಕ್ಕದು. ಬಹಳಷ್ಟು ದೇಶಗಳಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಅದಕ್ಕೆ ಎಲ್ಲಿ ಕಲಿತರು, ಯಾವ ಪರೀಕ್ಷೆ ಪಾಸಾದರು ಅಂತ ಕೇಳಿ. ಒಂದು ಕ್ಲಾಸ್ ಕೂತು ನೋಡಲು ಬಿಡದವರನ್ನು, ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಕೂರು, ಬಾ, ಎಳೆಯದೆ ನಡೆ ಅಂತ ಕಲಿಸಲು ಟ್ರೇನರ್ ಸಾಕು. ಕಚ್ಚುವುದು, ವಿಪರೀತ ಭಯ ಇದ್ದರೆ ವರ್ತನೆ ತಜ್ಞರು ಬೇಕು. ಶಾಂತವಾಗಿದ್ದ ನಾಯಿ ದಿಢೀರ್ ಸಿಡುಕಿದರೆ ಮೊದಲು ವೆಟ್ ಹತ್ತಿರ ಹೋಗಿ; ಕಿವಿ, ಹಲ್ಲು, ಕೀಲು ನೋಯುತ್ತಿರಬಹುದು.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. "ಮರಿ ಇನ್ನೂ ಚಿಕ್ಕದು, ಆರು ತಿಂಗಳಾಗಲಿ" ಅಂತ ಕಾಯಬೇಡಿ. ಹೊಸ ಜನ, ಸದ್ದು, ಜಾಗಗಳಿಗೆ ಮರಿ ಸುಲಭವಾಗಿ ಒಗ್ಗುವುದು ಸುಮಾರು 3ರಿಂದ 14 ವಾರದೊಳಗೆ. ಮೊದಲ ಲಸಿಕೆ ಆಗಿ ಕನಿಷ್ಠ 7 ದಿನ ಕಳೆದಿದ್ದರೆ, 7-8 ವಾರದ ಮರಿಯನ್ನೂ ಶುಚಿಯಾದ ಕ್ಲಾಸಿಗೆ ಸೇರಿಸಬಹುದು ಅನ್ನುವುದು ಪ್ರಾಣಿಗಳ ವರ್ತನೆಯ ಮೇಲೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘದ ಸಲಹೆ. ನಿಮ್ಮ ವೆಟ್‌ ಹತ್ತಿರ ಈ ವಾರವೇ ಕೇಳಿ.