ಕವಚಕ್ಕೆ ಅಲ್ಯೂಮಿನಿಯಂ ಸಾಲದೇ, ಉಕ್ಕನ್ನೇ ಏಕೆ ಹಗುರಗೊಳಿಸಬೇಕು?

ಪ್ರಶ್ನೆ: ಸೇನಾ ವಾಹನದ ತೂಕ ಇಳಿಸಲು ಅಲ್ಯೂಮಿನಿಯಂ ಹಲಗೆ ಬಳಸಿದರೆ ಸಾಲದೇ? ಹಗುರ ಉಕ್ಕು ತಯಾರಿಸುವ ಪ್ರಯಾಸವೇಕೆ?
– ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ

ಉತ್ತರ: ಅಲ್ಯೂಮಿನಿಯಂ ಕವಚ ಹೊಸದೇನಲ್ಲ, ಸೈನಿಕರನ್ನು ಸಾಗಿಸುವ ಅಮೆರಿಕದ ಎಂ113 ವಾಹನದಲ್ಲಿ 1960ರ ದಶಕದಿಂದಲೂ ಅದು ಬಳಕೆಯಲ್ಲಿದೆ. ಆದರೆ ಕವಚದ ಲೆಕ್ಕದಲ್ಲಿ ಲೋಹದ ಸಾಂದ್ರತೆಗಿಂತ ಮುಖ್ಯವಾದುದು, ಒಂದು ಬಗೆಯ ಗುಂಡನ್ನು ತಡೆಯಲು ಚದರ ಮೀಟರಿಗೆ ಎಷ್ಟು ಕಿಲೋ ಲೋಹ ಬೇಕು ಎಂಬುದು. ಅಲ್ಯೂಮಿನಿಯಂ ಮೃದುವಾದ್ದರಿಂದ, ಗಟ್ಟಿ ತಿರುಳಿನ ಕವಚಭೇದಕ ಗುಂಡಿನೆದುರು ಹಲಗೆಯನ್ನು ಬಹಳ ದಪ್ಪ ಮಾಡಬೇಕಾಗುತ್ತದೆ. ಉಳಿಸಿದ ತೂಕದ ಬಹುಪಾಲು ಅಲ್ಲಿಯೇ ಮರಳಿ ಬರುತ್ತದೆ, ಒಳಗಿನ ಜಾಗವೂ ಕುಗ್ಗುತ್ತದೆ.

ಆದ್ದರಿಂದ ಲೋಹತಜ್ಞರು ಅಲ್ಯೂಮಿನಿಯಮನ್ನು ಉಕ್ಕಿನೊಳಗೇ ಬೆರೆಸಲು ಹೊರಟರು. ಸುಮಾರು ಶೇ. 30 ಮ್ಯಾಂಗನೀಸ್, ಶೇ. 9 ಅಲ್ಯೂಮಿನಿಯಂ, ಶೇ. 1ರ ಆಸುಪಾಸಿನ ಇಂಗಾಲ ಇರುವ ಮಿಶ್ರಲೋಹದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 6.8 ಗ್ರಾಂ, ಸಾಮಾನ್ಯ ಉಕ್ಕಿನದು 7.85. ಅಂದರೆ 10 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಹಲಗೆ 78.5 ಕಿಲೋದಿಂದ 68 ಕಿಲೋಗೆ ಇಳಿಯುತ್ತದೆ. ಕೇಳಲು ಅಲ್ಪವೆನಿಸಿದರೂ, ಐದು ಟನ್ ಹಲಗೆಯಿರುವ ವಾಹನದಲ್ಲಿ ಇದು ಆರುನೂರು ಕಿಲೋಗೂ ಮಿಗಿಲಾದ ಉಳಿತಾಯ.

ಅಲ್ಯೂಮಿನಿಯಂ ಒಂದನ್ನೇ ಇಷ್ಟು ಸೇರಿಸಿದರೆ ಉಕ್ಕು ಪೆಡಸಾಗುತ್ತದೆ. ಮ್ಯಾಂಗನೀಸ್ ಮತ್ತು ಇಂಗಾಲ ಅದರ ಸ್ಫಟಿಕ ರಚನೆಯನ್ನು ಆಸ್ಟೆನೈಟ್ ಎಂಬ, ಮುರಿಯದೆ ಬಾಗಬಲ್ಲ ರೂಪದಲ್ಲಿ ಹಿಡಿದಿಟ್ಟು ಬಾಗುವ ಗುಣವನ್ನು ಕಾಯುತ್ತವೆ. ಪಾಂಡವಪುರದ ಸುತ್ತಲಿನ ಜಲ್ಲಿ ಕ್ರಷರ್‌ಗಳನ್ನು ಬಲ್ಲವರಿಗೆ ಇದರ ಹಿರಿಯ ಬಂಧುವಿನ ಪರಿಚಯವಿರಬಹುದು: ಕಲ್ಲು ಪುಡಿಮಾಡುವ ದವಡೆ ಹಲಗೆಗಳು ಸಾಮಾನ್ಯವಾಗಿ ಮ್ಯಾಂಗನೀಸ್ ಉಕ್ಕಿನವು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದ ಆ ಉಕ್ಕು ಪೆಟ್ಟು ತಿಂದಷ್ಟೂ ಗಡುಸಾಗುತ್ತದೆ. ಹೊಸ ಮಿಶ್ರಲೋಹಕ್ಕೆ ಗಡಸುತನ ಬರುವುದು ಮುಖ್ಯವಾಗಿ ಬೇರೆ ದಾರಿಯಿಂದ: ಸುಮಾರು 530 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿದಾಗ ಅದರೊಳಗೆ ಕಪ್ಪಾ ಕಾರ್ಬೈಡ್ ಎಂಬ ಅತಿ ಸೂಕ್ಷ್ಮ ಕಣಗಳು ಮೂಡುತ್ತವೆ. ಕಾಯಿಸಿದ್ದು ಅತಿಯಾದರೆ ಅವೇ ಕಣಗಳು ಬೆಳೆದು, ಹಲಗೆ ಬಿರುಕು ಬಿಡಲು ಕಾರಣವಾಗುತ್ತವೆ.

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟವಿರುವುದು ಕುಲುಮೆಯಲ್ಲಿ. ಕರಗಿದ ಅಲ್ಯೂಮಿನಿಯಂ ಗಾಳಿಯ ಆಮ್ಲಜನಕ ಹಾಗೂ ಸಾರಜನಕದೊಡನೆ ಕೂಡಿ ಗಡುಸು ಕಲ್ಮಶಗಳನ್ನು ಉಂಟುಮಾಡುತ್ತದೆ. ಮ್ಯಾಂಗನೀಸ್ ಸೇರಿಸಲು ಬಳಸುವ ಕಬ್ಬಿಣ-ಮ್ಯಾಂಗನೀಸ್ ಮಿಶ್ರಲೋಹವಾದ ಫೆರೋಮ್ಯಾಂಗನೀಸ್ ಜೊತೆಗೇ ಬರುವ ರಂಜಕವಂತೂ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಹಲಗೆಯ ಆಘಾತ ಸಹಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಶುದ್ಧ ಮ್ಯಾಂಗನೀಸ್ ಬಳಸಿದರೆ ವೆಚ್ಚ ಏರುತ್ತದೆ. ಇನ್ನು ಟ್ಯಾಂಕಿನ ಮುಂಭಾಗದಂತಹ ಕಡೆ ಸೆರಾಮಿಕ್ ಪದರಗಳನ್ನೂ ಸೇರಿಸಿ ಕವಚ ಕಟ್ಟುವುದರಿಂದ, ಈ ಉಕ್ಕಿನ ಪ್ರಯೋಜನ ಹೆಚ್ಚಾಗಿ ಕಾಣುವುದು ಸೈನಿಕರನ್ನು ಸಾಗಿಸುವ ಹಗುರ ವಾಹನಗಳಲ್ಲಿ.