ಅಕ್ಷರ ಮೂಡುವ ಆಳ

ಕಳೆದ ಆಷಾಢದಲ್ಲಿ ನನ್ನ ಕೀಬೋರ್ಡಿನ ಎನ್ ಕೀ ಕೈಕೊಟ್ಟಿತು. ಅಕ್ಷರ ಬಾರದೇ ಹೋಗಲಿಲ್ಲ, ಜಾಸ್ತಿ ಬರತೊಡಗಿತು. ‘ನಾನು’ ಅಂತ ಒತ್ತಿದರೆ ಪರದೆ ಮೇಲೆ ‘ನನಾನು’. ಶಂಕರಘಟ್ಟದಲ್ಲಿ ಓದುವ ಹುಡುಗಿಯೊಬ್ಬಳ ಪ್ರಬಂಧ ಟೈಪ್ ಮಾಡಿಕೊಡುತ್ತಿದ್ದೆ. ತೀರ್ಥಹಳ್ಳಿಯಲ್ಲಿ ಹದಿನೈದು ದಿನದಿಂದ ಬಿಸಿಲು ಕಂಡಿರಲಿಲ್ಲ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿತ್ತು. ಪುಸ್ತಕಗಳ ಬೆನ್ನಿಗೆ ಬೂಸಲು ಬಂದಿತ್ತು.

ಆ ಕೀಯ ಟೊಪ್ಪಿ ಕಿತ್ತು, ಸ್ವಿಚ್ಚಿನ ಮುಚ್ಚಳ ಬಿಡಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಮೆಕ್ಯಾನಿಕಲ್ ಕೀಬೋರ್ಡ್ ಅಂದರೆ ಏನು ಅಂತ ಸರಿಯಾಗಿ ತಿಳಿದದ್ದು ಅವತ್ತೇ. ಪ್ರತಿ ಕೀಗೂ ಅದರದೇ ಒಂದು ಪುಟ್ಟ ಡಬ್ಬಿ. ಒಳಗೊಂದು ಸ್ಪ್ರಿಂಗ್, ಅದರ ಮೇಲೆ ಪ್ಲಾಸ್ಟಿಕ್ ದಂಟು, ಪಕ್ಕದಲ್ಲಿ ಎರಡು ತೆಳು ಲೋಹದ ಪಟ್ಟಿ. ಬೆರಳು ಸುಮ್ಮನಿದ್ದಾಗ ದಂಟಿನ ಮೂಗು ಒಂದು ಪಟ್ಟಿಯನ್ನು ದೂರ ತಳ್ಳಿ ಹಿಡಿದಿರುತ್ತದೆ. ಒತ್ತಿದರೆ ಮೂಗು ಕೆಳಗೆ ಜಾರುತ್ತದೆ, ಆ ಪಟ್ಟಿ ಇನ್ನೊಂದಕ್ಕೆ ಹೋಗಿ ತಾಗುತ್ತದೆ. ಅಕ್ಷರ ಮೂಡುವುದು ಅಲ್ಲೇ. ಕೀ ತಳ ಮುಟ್ಟಬೇಕಾಗಿಲ್ಲ, ಅರ್ಧ ದಾರಿಯಲ್ಲೇ ಕೆಲಸ ಮುಗಿದಿರುತ್ತದೆ. ಕಚೇರಿಗಳಲ್ಲಿ ಕಾಣುವ ರಬ್ಬರ್ ಕೀಬೋರ್ಡಿನಲ್ಲಿ ಹೀಗಲ್ಲ. ಅಲ್ಲಿ ರಬ್ಬರಿನ ಗುಮ್ಮಟ ಹೆಚ್ಚುಕಮ್ಮಿ ಪೂರ್ತಿ ಕುಸಿದ ಮೇಲೇ ಕೆಳಗಿನ ಹಾಳೆಗಳು ತಾಗುವುದು. ಪ್ರತಿ ಅಕ್ಷರಕ್ಕೂ ತಳದ ತನಕ ಗುದ್ದಬೇಕು.

ಹಾಗಾದರೆ ‘ನನಾನು’ ಎಲ್ಲಿಂದ ಬಂತು? ಸಿಮೆಂಟ್ ಅಂಗಳಕ್ಕೆ ಒಂದು ಒಣ ಅಡಿಕೆ ಬೀಳಿಸಿ ನೋಡಿ. ಎರಡು ಮೂರು ಸಲ ಪುಟಿದು ಆಮೇಲೆ ನಿಲ್ಲುತ್ತದೆ. ಲೋಹದ ಪಟ್ಟಿಯೂ ತಾಗಿದ ಕೂಡಲೇ ಹಾಗೇ ಪುಟಿಯುತ್ತದೆ, ಅದೂ ಕೆಲವೇ ಮಿಲಿಸೆಕೆಂಡ್. ಕೀಬೋರ್ಡಿನ ಚಿಪ್ ಇದಕ್ಕೆಂದೇ ಸುಮಾರು 5 ಮಿಲಿಸೆಕೆಂಡ್ ಬಿಟ್ಟುಕೊಡುತ್ತದೆ. ಪಟ್ಟಿಯ ಮೇಲೆ ತೇವ, ದೂಳು, ಕಿಲುಬು ಕೂತರೆ ತಾಕು ಸರಿಯಾಗಿ ಕೂರುವುದಿಲ್ಲ, ಆ ಗಡುವು ಮೀರುತ್ತದೆ. ಚಿಪ್ಪಿಗೆ ಅದು ಎರಡನೇ ಸಲ ಒತ್ತಿದ ಹಾಗೆ ಕಾಣುತ್ತದೆ. ಒಳ್ಳೆಯ ಸ್ವಿಚ್ಚುಗಳಲ್ಲಿ ತಾಗುವ ಜಾಗಕ್ಕೆ ಚಿನ್ನ ಬಳಸುವುದು ಇದಕ್ಕೇ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ. ಮಲೆನಾಡಿನವರು ಬಣ್ಣದ ದೀಪ ನೋಡುವ ಮೊದಲು ಇದನ್ನು ವಿಚಾರಿಸಬೇಕು.

ಹೊಸ ಕೀಬೋರ್ಡ್ ನನಗೊಬ್ಬನಿಗೆ ಹೊಂದಿದರೆ ಸಾಲದು. ಅಕ್ಕನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಶನಿವಾರ ಊರಿಗೆ ಬಂದರೆ ರಾತ್ರಿಯೆಲ್ಲ ನನ್ನ ಕಂಪ್ಯೂಟರಿನಲ್ಲಿ ಅವನ ಆಟ. ಹಗಲು ಟೈಪಿಂಗ್, ರಾತ್ರಿ ಗೇಮಿಂಗ್, ಎರಡಕ್ಕೂ ಒಂದೇ ಕೀಬೋರ್ಡ್ ಆಗಬೇಕು. ‘ಲೋ ಪ್ರೊಫೈಲ್ ತಗೊಳ್ಳಿ’ ಅಂದ. ತೆಳ್ಳಗಿನ ಮೆಕ್ಯಾನಿಕಲ್ ಕೀಬೋರ್ಡ್.

ತೆಳುವಾದರೆ ಏನು ಲಾಭ? ಜರ್ಮನಿಯ ಚೆರಿ ಕಂಪನಿಯ ಹಳೆಯ ಎಂಎಕ್ಸ್ ಕೆಂಪು ಸ್ವಿಚ್ 18.5 ಮಿಲಿಮೀಟರ್ ಎತ್ತರ. ಕೀ 4 ಮಿಲಿಮೀಟರ್ ಇಳಿಯುತ್ತದೆ, 2 ಮಿಲಿಮೀಟರಿಗೆ ಅಕ್ಷರ ಮೂಡುತ್ತದೆ. 2018ರಲ್ಲಿ ಅವರು ತಂದ ತೆಳು ಕೆಂಪು ಸ್ವಿಚ್ಚಿನ ಎತ್ತರ 11.9. ಇಳಿತ 3.2, ಅಕ್ಷರಕ್ಕೆ 1.2 ಮಿಲಿಮೀಟರ್. ಕೈಲ್ ಕಂಪನಿಯ ಚಾಕ್ ಸ್ವಿಚ್ 3 ಮಿಲಿಮೀಟರ್ ಇಳಿದು 1.5ಕ್ಕೆ ಅಕ್ಷರ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಕೀಯ ಒಟ್ಟು ಇಳಿತವೇ ಹೆಚ್ಚುಕಮ್ಮಿ ಈ ಒಂದೂವರೆ ಮಿಲಿಮೀಟರ್.

ನನ್ನ ಮಟ್ಟಿಗೆ ದೊಡ್ಡ ಲಾಭ ಮಣಿಕಟ್ಟಿನದು. ಅಂಗೈ ಬುಡದಲ್ಲಿ ಒಂದು ಕಿರಿದಾದ ಸುರಂಗವಿದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗೇ ಹಾದುಹೋಗಬೇಕು. ದಪ್ಪ ಕೀಬೋರ್ಡಿಗೆ ಕೈ ಎತ್ತಲು ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿದಾಗ ಸುರಂಗದೊಳಗೆ ಒತ್ತಡ ಏರುತ್ತದೆ. ದಿನಕ್ಕೆ ಆರೇಳು ಗಂಟೆ ಹಾಗೇ ಕೂತರೆ ಬೆರಳ ತುದಿ ಜೋಮು ಹಿಡಿಯುತ್ತದೆ, ನನಗೆ ಹಿಡಿದಿತ್ತು. ಹಿಂದುಗಡೆಯ ಮಡಚುವ ಕಾಲುಗಳನ್ನು ಎತ್ತಿ ನಿಲ್ಲಿಸುವುದು ಚಂದ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಮಣಿಕಟ್ಟನ್ನು ಇನ್ನಷ್ಟು ಬಗ್ಗಿಸುತ್ತದೆ. ದಯವಿಟ್ಟು ಮಡಚಿಡಿ.

ಒತ್ತುವ ಭಾರವನ್ನು ಮನೆಯಲ್ಲೇ ಅಳೆಯಬಹುದು. ಕೆಂಪು ಸ್ವಿಚ್ಚಿಗೆ 45 ಸೆಂಟಿನ್ಯೂಟನ್ ಅಂತ ಬರೆದಿರುತ್ತಾರೆ, ಅಂದರೆ ಸುಮಾರು 46 ಗ್ರಾಂ ತೂಕ. ಹತ್ತು ರೂಪಾಯಿ ನಾಣ್ಯ ಒಂದಕ್ಕೆ 7.7 ಗ್ರಾಂ. ಆರು ನಾಣ್ಯ ಸೇರಿದರೆ ಸರಿಹೋಯಿತು. ನಾಣ್ಯ ಕೀಗಿಂತ ಅಗಲ, ಪಕ್ಕದ ಕೀಗಳ ಮೇಲೆ ಕೂತುಬಿಡುತ್ತದೆ. ಅದಕ್ಕೆ ರಬ್ಬರಿನ ಒಂದು ಸಣ್ಣ ತುಂಡು ಕತ್ತರಿಸಿ ಕೀ ನಡುವೆ ಇಟ್ಟು, ಅದರ ಮೇಲೆ ಒಂದೊಂದೇ ನಾಣ್ಯ ಪೇರಿಸಿ. ಐದರ ತನಕ ಪರದೆ ಖಾಲಿ. ಆರನೆಯದು ಇಟ್ಟಾಗ ನಮ್ಮನೆಯಲ್ಲಿ ‘ಕ’ಗಳ ಸಾಲು ಓಡತೊಡಗಿತು. ಅಕ್ಕನ ಮಗ ಮಗುವಿನ ಹಾಗೆ ನಕ್ಕ.

ಕನ್ನಡ ಟೈಪ್ ಮಾಡುವವರ ಕಷ್ಟ ಬೇರೆಯೇ ಇದೆ, ಇಂಗ್ಲಿಷ್ ವಿಮರ್ಶೆಗಳಲ್ಲಿ ಅದು ಸಿಗುವುದಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಕೀ ವಿನ್ಯಾಸವನ್ನೇ ತಗೊಳ್ಳಿ. ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಒತ್ತಬೇಕು. ದೀರ್ಘಕ್ಕೆ, ಮಹಾಪ್ರಾಣಕ್ಕೆ, ‘ಣ’ ಮತ್ತು ‘ಳ’ಕ್ಕೆ ಶಿಫ್ಟ್ ಬೇಕು. ‘ತೀರ್ಥಹಳ್ಳಿ’ ಅಂತ ಬರೆಯಲು ಹತ್ತು ಕೀ. ಅದರಲ್ಲಿ ಎಫ್ ಎರಡು ಸಲ, ಅದರ ಮೇಲೆ ಶಿಫ್ಟ್ ನಾಲ್ಕು ಸಲ. ಆ ನಾಲ್ಕರಲ್ಲಿ ಮೂರು ಸಲ ದುಡಿಯುವುದು ಎಡಗೈ ಕಿರುಬೆರಳು, ಎಲ್ಲಕ್ಕಿಂತ ಬಲ ಕಡಿಮೆ ಇರುವ ಬೆರಳು. ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ಒತ್ತಿ ನೋಡುವುದು ಎಡಗಡೆಯ ಶಿಫ್ಟನ್ನು. ಉದ್ದದ ಕೀ ಓರೆಯಾಗದಂತೆ ಅದರ ಕೆಳಗೆ ತಂತಿಯ ಆಧಾರ ಇರುತ್ತದೆ. ಅದು ಸಡಿಲವಿದ್ದರೆ ಒಂದು ತುದಿ ಒತ್ತಿದಾಗ ಇನ್ನೊಂದು ತುದಿ ಗಡಗಡ ಅನ್ನುತ್ತದೆ. ಅಂಥದ್ದನ್ನು ಅಲ್ಲೇ ವಾಪಸ್ ಇಡಿ.

ಇನ್ನು ಆಟ. ಅಕ್ಷರ ಬೇಗ ಮೂಡುವ ಸ್ವಿಚ್ಚಿನಿಂದ ಆಟಗಾರನಿಗೆ ಎಷ್ಟು ಸಮಯ ಉಳಿಯುತ್ತದೆ? ಲೆಕ್ಕ ಹಾಕೋಣ. 2 ಮಿಲಿಮೀಟರ್ ಬದಲು 1.2 ಅಂದರೆ 0.8 ಮಿಲಿಮೀಟರ್ ಉಳಿತಾಯ. ಬೆರಳು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ಇಳಿದರೆ 8 ಮಿಲಿಸೆಕೆಂಡ್ ಸಿಕ್ಕಿತು. ಸಾಮಾನ್ಯ ಪರದೆ ಒಂದು ಚಿತ್ರ ಬದಲಿಸಲು 16.7 ಮಿಲಿಸೆಕೆಂಡ್ ತಗೊಳ್ಳುತ್ತದೆ, ಕಣ್ಣು ಕಂಡು ಬೆರಳು ಹೊರಡುವುದಕ್ಕೆ 200ಕ್ಕಿಂತ ಜಾಸ್ತಿ ಬೇಕು. ಲಾಭ ಇದೆ, ಆದರೆ ಚಿಕ್ಕದು. ಆ ಚಿಕ್ಕದನ್ನೂ ಬ್ಲೂಟೂತ್ ನುಂಗಿಬಿಡಬಹುದು. ಕಡಿಮೆ ಶಕ್ತಿಯ ಬ್ಲೂಟೂತಿನ ಹೆಚ್ಚಿನ ಸಾಧನಗಳಲ್ಲಿ ಎರಡು ಸಂದೇಶಗಳ ನಡುವಿನ ಕನಿಷ್ಠ ಅಂತರವೇ 7.5 ಮಿಲಿಸೆಕೆಂಡ್. ವೈರ್ ಹಾಕಿದರೆ ಒಳ್ಳೆಯ ಕೀಬೋರ್ಡ್ ಸೆಕೆಂಡಿಗೆ 1000 ಸಲ ವರದಿ ಕೊಡುತ್ತದೆ. ಆಟಕ್ಕೆ ವೈರೇ ಸರಿ.

ನಮ್ಮಿಬ್ಬರ ಜಗಳ ಸ್ವಿಚ್ಚಿನ ಜಾತಿಯ ಬಗ್ಗೆ ಇತ್ತು. ಅವನಿಗೆ ಬೆಣ್ಣೆಯ ಹಾಗೆ ನೇರ ಇಳಿಯುವ ಲೀನಿಯರ್ ಬೇಕು. ನನಗೆ ನಡುದಾರಿಯಲ್ಲಿ ಸಣ್ಣ ಉಬ್ಬು ಸಿಗುವ ಟ್ಯಾಕ್ಟೈಲ್ ಬೇಕು, ಅಕ್ಷರ ಬಂತು ಅಂತ ಬೆರಳಿಗೇ ಗೊತ್ತಾಗಬೇಕು. ಸ್ವಿಚ್ ಕಿತ್ತು ಬದಲಿಸಬಹುದಾದ ಹಾಟ್‌ಸ್ವಾಪ್ ಕೀಬೋರ್ಡ್ ತಂದು, ಆಟದ ಡಬ್ಲ್ಯೂ, ಎ, ಎಸ್, ಡಿ ನಾಲ್ಕಕ್ಕೆ ಮಾತ್ರ ಲೀನಿಯರ್ ಹಾಕಿದೆವು. ಎರಡು ದಿನವೂ ತಡೆಯಲಿಲ್ಲ. ಆ ನಾಲ್ಕು ಕೀ ನನಗೆ ‘ಡ’, ‘ಅ’, ‘ಸ’, ‘ದ’! ಕನ್ನಡದಲ್ಲಿ ಇವಿಲ್ಲದೆ ಒಂದು ಸಾಲು ನಡೆಯುವುದಿಲ್ಲ. ‘ಸಂಸದ’ ಅಂತ ಬರೆಯುವಾಗ ನುಣುಪು ರಸ್ತೆಯಿಂದ ಹಳ್ಳಕ್ಕೆ ಇಳಿದು ಹತ್ತಿದ ಹಾಗೆ. ಕೊನೆಗೆ ಎಲ್ಲಕ್ಕೂ ಟ್ಯಾಕ್ಟೈಲೇ ಇರಲಿ ಅಂತ ಅವನೇ ಸೋತ. ಉಬ್ಬು ಸಣ್ಣದಿದ್ದರೆ ಆಟಕ್ಕೂ ತೊಂದರೆ ಇಲ್ಲ ಅನ್ನುವುದು ಈಗ ಅವನ ಮಾತು.

ಒಂದು ಎಚ್ಚರಿಕೆ. ದಪ್ಪ ಕೀಬೋರ್ಡುಗಳಲ್ಲಿ ಎಷ್ಟೋ ಕಂಪನಿಗಳ ಸ್ವಿಚ್ ಒಂದರ ಜಾಗಕ್ಕೆ ಒಂದು ಹೊಂದುತ್ತದೆ. ತೆಳು ಸ್ವಿಚ್ಚುಗಳಲ್ಲಿ ಹಾಗಿಲ್ಲ. ಚೆರಿಯದ್ದು ಚಾಕ್ ಕೂರುವ ಜಾಗಕ್ಕೆ ಹೊಂದುವುದಿಲ್ಲ, ಮೊದಲ ಆವೃತ್ತಿಯ ಚಾಕ್‌ನ ಟೊಪ್ಪಿಗೆ ಕೊಕ್ಕೆಯೇ ಬೇರೆ ಥರ. ನಮ್ಮ ಕಡೆ ಬಿಡಿ ಸ್ವಿಚ್ ಬೇಕೆಂದರೆ ಕೊರಿಯರಿಗೆ ಕಾಯಬೇಕು. ಕೀಬೋರ್ಡ್ ತರಿಸುವಾಗಲೇ ಅದೇ ಜಾತಿಯ ಆರೇಳು ಸ್ವಿಚ್ ಜಾಸ್ತಿ ತರಿಸಿ. ಟೊಪ್ಪಿ ಪಿಬಿಟಿ ಪ್ಲಾಸ್ಟಿಕ್ಕಿನದಾದರೆ ಎಬಿಎಸ್ ಪ್ಲಾಸ್ಟಿಕ್ಕಿನ ಹಾಗೆ ಬೇಗ ಸವೆದು ಎಣ್ಣೆ ಹಚ್ಚಿದಂತೆ ಹೊಳೆಯುವುದಿಲ್ಲ.

ತಾಕುವ ಲೋಹವೇ ಬೇಡ ಅನ್ನುವ ಕೀಬೋರ್ಡುಗಳೂ ಈಗ ಬಂದಿವೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ, ತೆಳು ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ ಆಯಸ್ಕಾಂತದ ನಡುವೆ ಇಟ್ಟರೆ ಅಡ್ಡಲಾಗಿ ಪುಟ್ಟ ವೋಲ್ಟೇಜ್ ಹುಟ್ಟುತ್ತದೆ ಅಂತ ಕಂಡುಹಿಡಿದ. ಕೀಯ ದಂಟಿಗೆ ಆಯಸ್ಕಾಂತ ಕೂರಿಸಿ, ಕೆಳಗೆ ಆ ವೋಲ್ಟೇಜ್ ಅಳೆಯುವ ಚಿಪ್ ಇಟ್ಟರೆ, ಕೀ ಎಷ್ಟು ಇಳಿದಿದೆ ಅಂತ ಪ್ರತಿ ಕ್ಷಣವೂ ತಿಳಿಯುತ್ತದೆ. ಅಕ್ಷರ ಎಷ್ಟು ಆಳದಲ್ಲಿ ಮೂಡಬೇಕು ಅನ್ನುವುದನ್ನು ನಾವೇ ಹೇಳಬಹುದು. ತಾಕು ಇಲ್ಲ, ಹಾಗಾಗಿ ಪುಟಿತವೂ ಇಲ್ಲ, ಕಿಲುಬೂ ಇಲ್ಲ. ಮಳೆ ಊರಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಬೆಲೆ ಇನ್ನೂ ಜಾಸ್ತಿ, ಅದೊಂದೇ ನನ್ನನ್ನು ತಡೆದದ್ದು.

ಅಲ್ಲಿಯ ತನಕ ರಾತ್ರಿ ಕೆಲಸ ಮುಗಿದ ಮೇಲೆ ಕೀಬೋರ್ಡನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡುತ್ತೇನೆ. ಜೊತೆಗೆ ಬಟ್ಟೆ ಚೀಲದಲ್ಲಿ ಒಂದು ಹಿಡಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಮಣಿಗಳು ತೇವ ಹೀರಿ ಹಸಿರಾದಾಗ ಅಡಿಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟರೆ ಮತ್ತೆ ಕಿತ್ತಳೆ ಬಣ್ಣಕ್ಕೆ ಬರುತ್ತವೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನೋಡಬೇಕಾಗಿಲ್ಲ. ಆಷಾಢದಲ್ಲಿ ವಾರಕ್ಕೊಮ್ಮೆ ಬಾಣಲೆ ಇಳಿಸುತ್ತೇನೆ.